ಮೀನು ಬೇಟೆಗೆ ನೀರೊಳಗಿನ ಕ್ಯಾಮೆರಾ: ಮೊದಲು ಅಳೆಯಬೇಕಾದುದು ನೀರಿನ ತಿಳಿಯನ್ನು

ಕೊಪ್ಪಳ: ದಡದಲ್ಲಿ ಅಥವಾ ಹರಿಗೋಲಿನಲ್ಲಿ ಕುಳಿತೇ ನೀರಿನಡಿಯ ಮೀನುಗಳನ್ನು ಕಿರುಪರದೆಯ ಮೇಲೆ ವೀಕ್ಷಿಸಲು ನೆರವಾಗುವ ಕ್ಯಾಮೆರಾಗಳು ಈಗ ಆನ್‌ಲೈನ್ ಮಳಿಗೆಗಳಲ್ಲಿ ಸುಲಭವಾಗಿ ದೊರೆಯುತ್ತಿವೆ. ಗಾಳ ಹಾಕುವ ಹವ್ಯಾಸಿಗಳಷ್ಟೇ ಅಲ್ಲದೆ ಕೆರೆ ಗುತ್ತಿಗೆ ಹಿಡಿದವರೂ ಇವುಗಳತ್ತ ಆಕರ್ಷಿತರಾಗುವುದು ಸಹಜ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ನೀರಿನಲ್ಲಿ ಈ ಉಪಕರಣ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ಅರಿಯದೆ ಹಣ ತೊಡಗಿಸಿದರೆ, ಪರದೆಯ ಮೇಲೆ ಮೀನಿನ ಬದಲು ಕೆಂಪು ಮಬ್ಬು ಮಾತ್ರ ಕಂಡೀತು.

ಮೀನುಗಾರಿಕೆಗೆಂದೇ ರೂಪುಗೊಂಡ ಇಂತಹ ಕ್ಯಾಮೆರಾಗಳ ದೊಡ್ಡ ಮಾರುಕಟ್ಟೆ ಇರುವುದು ಶೀತ ದೇಶಗಳಲ್ಲಿ. ಹೆಸರಾಂತ 'ಆಕ್ವಾ-ವ್ಯೂ' ಅಮೆರಿಕದ ಮಿನ್ನೆಸೋಟ ರಾಜ್ಯದ್ದು. ಅಲ್ಲಿ ಚಳಿಗಾಲದಲ್ಲಿ ಸರೋವರದ ಮೇಲೆ ಮಂಜುಗಡ್ಡೆ ಕಟ್ಟಿದಾಗ ರಂಧ್ರ ಕೊರೆದು ಗಾಳ ಇಳಿಬಿಡುತ್ತಾರೆ. ಮಂಜಿನಡಿಯ ನೀರಿಗೆ ಗಾಳಿಯ ಅಲೆಯಿಲ್ಲ, ಹೊಳೆಯ ರಭಸವಿಲ್ಲ, ಪಾಚಿಯೂ ಕಡಿಮೆ. ಜಾಹೀರಾತಿನ ಸ್ಫಟಿಕದಂತಹ ಚಿತ್ರಗಳು ಬಹುಮಟ್ಟಿಗೆ ಅಂತಹ ನೀರಿನವು.

ಇಲ್ಲಿಯ ನೀರಿನ ಸ್ವಭಾವ

ಮುನಿರಾಬಾದ್ ಬಳಿಯ ತುಂಗಭದ್ರಾ ಜಲಾಶಯಕ್ಕೆ ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುವ ಸಾಮರ್ಥ್ಯವಿತ್ತು. ಹೂಳು ತುಂಬಿದ ಕಾರಣ ಈಗ ಲೆಕ್ಕಕ್ಕೆ ಹಿಡಿಯುವುದು 105.79 ಟಿಎಂಸಿ ಅಡಿ. ಈ ಹೂಳು ರೈತರಿಗೆ ಎಷ್ಟು ತಲೆನೋವೋ ಕ್ಯಾಮೆರಾಕ್ಕೂ ಅಷ್ಟೇ. ಮುಂಗಾರಿನ ಹೊಸ ನೀರು ಬಂದಾಗ ಹಿನ್ನೀರು ಕೆಂಪಾಗಿರುತ್ತದೆ. ಮಣ್ಣು ತಳ ಸೇರಿ ನೀರು ತಿಳಿಯಾಗತೊಡಗಿದಾಗ ಪಾಚಿ ಬೆಳೆಯುತ್ತದೆ. ಹಿನ್ನೀರು ಹಸಿರು ಬಣ್ಣಕ್ಕೆ ತಿರುಗಿದ ಸುದ್ದಿ ಹಲವು ವರ್ಷಗಳಲ್ಲಿ ವರದಿಯಾಗಿದೆ. ತಿಳಿ ಇರುವ ದಿನಗಳಲ್ಲೂ ಕ್ಯಾಮೆರಾದ ತುದಿ ತಳಕ್ಕೆ ತಾಗಿದರೆ ಸಾಕು, ಮೆತ್ತನೆಯ ಹೂಳು ಹೊಗೆಯಂತೆ ಮೇಲೆದ್ದು ನೋಟವನ್ನು ಮುಚ್ಚುತ್ತದೆ.

ಕುಷ್ಟಗಿ, ಯಲಬುರ್ಗಾ ಕಡೆಯ ಕೆರೆಗಳದು ಬೇರೆ ಕಥೆ. ಎರೆ ಮತ್ತು ಮಸಾರಿ ಹೊಲಗಳಿಂದ ಹರಿದುಬಂದ ನೀರು ಇವುಗಳಲ್ಲಿ ನಿಲ್ಲುತ್ತದೆ. ಎರೆಮಣ್ಣಿನ ಅತಿ ಸಣ್ಣ ಕಣಗಳು ಬೇಗನೆ ತಳ ಸೇರುವುದಿಲ್ಲ. ಬೇಸಿಗೆಯಲ್ಲಿ ನೀರು ತೆಳುವಾದಾಗ ಗಾಳಿಯೊಂದೇ ತಳವನ್ನು ಕದಡಲು ಸಾಕು. ಈ ಭಾಗದಲ್ಲಿ ಕ್ಯಾಮೆರಾಕ್ಕೆ ತುಸು ಅನುಕೂಲವಾದ ನೀರೆಂದರೆ ಗಂಗಾವತಿ ತಾಲೂಕಿನ ಆನೆಗೊಂದಿ ಸುತ್ತಲಿನ ನದಿಪಾತ್ರ. ಹೊಳೆಯ ಹರಿವು ಇಳಿದ ಚಳಿಗಾಲದಲ್ಲಿ ಬಂಡೆಗಳ ನಡುವಣ ಮಡುಗಳಲ್ಲಿ ನೀರು ತಕ್ಕಮಟ್ಟಿಗೆ ತಿಳಿಯಾಗುತ್ತದೆ.

ತಟ್ಟೆಯ ಪರೀಕ್ಷೆ

ನೀರಿನ ತಿಳಿಯನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಇಟಲಿಯ ಪಾದ್ರಿ ಹಾಗೂ ಖಗೋಳ ವಿಜ್ಞಾನಿ ಏಂಜೆಲೋ ಸೆಕಿ 1865ರಲ್ಲಿ ಬಿಳಿಯ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿದರು. ಜಲವಿಜ್ಞಾನಿಗಳು ಇಂದಿಗೂ ಇದೇ ವಿಧಾನವನ್ನು ಬಳಸುತ್ತಾರೆ. ಸರೋವರಗಳಲ್ಲಿ ಸಾಮಾನ್ಯವಾಗಿ 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ತಟ್ಟೆ ಬಳಕೆಯಲ್ಲಿದೆ. ಮನೆಯ ತಟ್ಟೆಯೊಂದಕ್ಕೆ ಬಿಳಿ ಬಣ್ಣ ಬಳಿದು, ಕಲ್ಲು ಕಟ್ಟಿ, ಗೇಣು ಗೇಣಿಗೆ ಗಂಟು ಹಾಕಿದ ಹಗ್ಗದಿಂದ ಇಳಿಸಿದರೂ ಆದೀತು. ಮಧ್ಯಾಹ್ನದ ಬಿಸಿಲಿನಲ್ಲಿ, ಹರಿಗೋಲಿನ ನೆರಳಿನ ಕಡೆಯಿಂದ ನೋಡಬೇಕು.

ತಟ್ಟೆ ಎರಡು ಗೇಣಿನೊಳಗೆ ಮಾಯವಾದರೆ ಅಂತಹ ನೀರಿಗೆ ಯಾವ ಬೆಲೆಯ ಕ್ಯಾಮೆರಾವೂ ವ್ಯರ್ಥ. ಒಂದೂವರೆ ಮೀಟರ್ ದಾಟಿಯೂ ಕಂಡರೆ ಮಾತ್ರ ಕೊಳ್ಳುವ ಯೋಚನೆ ಮಾಡಬಹುದು. ಬರಿಗಣ್ಣಿಗೆ ತಟ್ಟೆ ಕಾಣುವ ದೂರಕ್ಕಿಂತ ಹೆಚ್ಚಿನ ದೂರವನ್ನು ಕ್ಯಾಮೆರಾ ತೋರಿಸುತ್ತದೆಂದು ನಿರೀಕ್ಷಿಸಲಾಗದು. ಒಂದೇ ದಿನದ ಅಳತೆಯನ್ನೂ ನಂಬಬಾರದು. ಮೀನು ಹಿಡಿಯುವ ತಿಂಗಳುಗಳಲ್ಲೆಲ್ಲ ಅಳೆದು ಬರೆದಿಟ್ಟುಕೊಂಡರೆ, ವರ್ಷದಲ್ಲಿ ಎಷ್ಟು ದಿನ ಕ್ಯಾಮೆರಾ ಬಳಕೆಯಾದೀತು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಯಾವ ಬಗೆಯದು?

ನೀರೊಳಗೆ ಇಳಿಯುವ ಕ್ಯಾಮೆರಾ ಈ ಜಿಲ್ಲೆಗೆ ಹೊಸತೇನಲ್ಲ. ಬತ್ತಿದ ಅಥವಾ ಮೋಟಾರು ಸಿಲುಕಿದ ಕೊಳವೆಬಾವಿಗೆ ಕ್ಯಾಮೆರಾ ಇಳಿಸಿ ನೋಡುವುದು ಬಯಲುಸೀಮೆಯ ರೈತರಿಗೆ ಪರಿಚಿತ. ಆದರೆ ಆ ಕ್ಯಾಮೆರಾ ಕೆಳಮುಖವಾಗಿ, ಕೆಲವೇ ಅಂಗುಲ ದೂರದ ಕಲ್ಲನ್ನು ನೋಡಲು ಸಿದ್ಧವಾದುದು. ಮೀನಿಗೆ ಬೇಕಾದುದು ಅಡ್ಡಲಾಗಿ ನೋಡುವ, ಅಗಲ ನೋಟದ ಮಸೂರ. ಕೊಳವೆಬಾವಿಯ ಸಲಕರಣೆಯನ್ನೇ ಬಾಡಿಗೆಗೆ ತಂದು ಕೆರೆಗೆ ಇಳಿಸಿದರೆ ಕಾಣುವುದು ತಳದ ಕೆಸರಷ್ಟೆ.

ಮೀನಿಗೆಂದೇ ಇರುವ ಕ್ಯಾಮೆರಾದಲ್ಲಿ ಕೇಬಲ್ ಮೂಲಕ ಚಿತ್ರ ನೇರವಾಗಿ ಪರದೆಗೆ ಬರುತ್ತದೆ. ಗೋಪ್ರೋದಂತಹ ಆಕ್ಷನ್ ಕ್ಯಾಮೆರಾಗಳಲ್ಲಿ ಚಿತ್ರ ಸೊಗಸಾಗಿರುತ್ತದೆ. ಹೀರೋ 12 ಮತ್ತು ಹೀರೋ 13 ಬ್ಲ್ಯಾಕ್ ಮಾದರಿಗಳು ಹೆಚ್ಚುವರಿ ಕವಚವಿಲ್ಲದೆಯೇ 10 ಮೀಟರ್ ಆಳ ತಾಳಬಲ್ಲವು. ತೊಡಕೆಂದರೆ ವೈ-ಫೈ ಸಂಕೇತ ನೀರನ್ನು ಭೇದಿಸಿ ಬರುವುದಿಲ್ಲ. ಮೇಲೆತ್ತಿದ ಬಳಿಕವೇ ದೃಶ್ಯ ನೋಡಬೇಕು. ಅಷ್ಟರಲ್ಲಿ ಮೀನು ಹೊರಟುಹೋಗಿರುತ್ತದೆ. ಮೀನಿನ ನಡವಳಿಕೆಯನ್ನು ಚಿತ್ರೀಕರಿಸುವವರಿಗೆ ಇದು ಒಳ್ಳೆಯದು, ಆ ಕ್ಷಣದಲ್ಲಿ ಗಾಳ ಎಲ್ಲಿ ಬಿಡಬೇಕೆಂದು ನಿರ್ಧರಿಸುವವರಿಗೆ ಅಲ್ಲ.

ದೀಪದ ಮೋಸ

'ಹೆಚ್ಚು ಎಲ್‌ಇಡಿ, ಹೆಚ್ಚು ಸ್ಪಷ್ಟ' ಎಂಬ ಪ್ರಚಾರಕ್ಕೆ ಮರುಳಾಗುವವರೇ ಅಧಿಕ. ಕದಡಿದ ನೀರಿನಲ್ಲಿ ಮಸೂರದ ಸುತ್ತಲಿನ ಬಿಳಿ ದೀಪ ಉರಿಸಿದರೆ, ಮಂಜಿನಲ್ಲಿ ಹೆಡ್‌ಲೈಟ್ ಹಾಕಿದಂತೆ ಮಣ್ಣಿನ ಕಣಗಳೇ ಹೊಳೆದು ಮೀನು ಮರೆಯಾಗುತ್ತದೆ. ದೀಪದ ಪ್ರಖರತೆಯನ್ನು ತಗ್ಗಿಸುವ ಅಥವಾ ಸಂಪೂರ್ಣ ಆರಿಸುವ ಸೌಲಭ್ಯ ಇರಲೇಬೇಕು. ಇನ್ಫ್ರಾರೆಡ್ ದೀಪ ಮೀನನ್ನು ಬೆದರಿಸುವುದು ಕಡಿಮೆ ಎಂಬುದು ನಿಜ; ಆದರೆ ಆ ಬೆಳಕನ್ನು ನೀರೇ ಹೀರಿಕೊಳ್ಳುತ್ತದೆ. 850 ನ್ಯಾನೋಮೀಟರ್ ತರಂಗದ ಬೆಳಕು ಶುದ್ಧ ನೀರಿನಲ್ಲೂ ಒಂದು ಮೀಟರ್ ಸಾಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 940 ನ್ಯಾನೋಮೀಟರ್‌ನದು ಇನ್ನೂ ಬೇಗ ಕುಗ್ಗುತ್ತದೆ. ಗಾಳದ ತುದಿಯ ಎರೆಯನ್ನು ಹತ್ತಿರದಿಂದ ನೋಡಲು ಇದು ಸಾಕು, ಅದರಾಚೆಗೆ ಅಲ್ಲ.

ಕೇಬಲ್ ಉದ್ದದ ಬಗೆಗೂ ಅತಿಯಾಸೆ ಬೇಡ. ಈ ಭಾಗದಲ್ಲಿ ಸಾಕುವ ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಕೆರೆಗೆ 15 ಮೀಟರ್ ಕೇಬಲ್ ಧಾರಾಳ. ಅದಕ್ಕಿಂತ ಮುಖ್ಯವಾದುದು ಕೇಬಲ್ ಎಳೆತ ತಾಳುವಂತಿರುವುದು ಮತ್ತು ಆಳದ ಗುರುತು ಹೊಂದಿರುವುದು, ಏಕೆಂದರೆ ಮುಳುಗಿದ ಜಾಲಿಯ ಕೊಂಬೆಗೆ ಸಿಕ್ಕಿದ ಕ್ಯಾಮೆರಾ ಮರಳಿ ಬರುವುದು ಕೇಬಲ್ಲಿನ ಬಲದಿಂದಲೇ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಐಪಿ67 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷದ ಪರೀಕ್ಷೆ ಮಾತ್ರ. ಐಪಿ68 ಎಂದಿದ್ದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರು ಬರೆದಿರಬೇಕು. ಬರೆಯದಿದ್ದರೆ ಕೊಳ್ಳದಿರುವುದು ಲೇಸು. ಬಿಸಿಲಿನಲ್ಲಿ ಪರದೆ ಕಾಣಲು ನೆರಳುಗವಸು ಅಗತ್ಯ. ಚಪ್ಪಟೆ ಗಾಜಿನ ಹಿಂದಿನ ಮಸೂರಕ್ಕೆ ನೀರೊಳಗಿನ ಮೀನು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ತೋರುತ್ತದೆ. ಪರದೆ ನೋಡಿ ತೂಕ ಹೇಳುವವರು ಇದನ್ನು ಮರೆಯದಿರಲಿ.

ಸೋನಾರ್ ಎಂಬ ಪರ್ಯಾಯ

ಕದಡಿದ ನೀರಿನಲ್ಲಿ ಬೆಳಕು ಸೋಲುವಲ್ಲಿ ಶಬ್ದ ಗೆಲ್ಲುತ್ತದೆ. 'ಫಿಶ್ ಫೈಂಡರ್' ಎಂದು ಕರೆಯುವ ಸೋನಾರ್ ಉಪಕರಣ ಮೀನಿನ ಚಿತ್ರ ಕೊಡುವುದಿಲ್ಲ. ಆಳ, ತಳದ ಏರಿಳಿತ, ನಡುನೀರಿನ ಗುಂಪುಗಳನ್ನು ರೇಖೆಗಳಲ್ಲಿ ಸೂಚಿಸುತ್ತದೆ. ಜಲಾಶಯದಲ್ಲಿ ರಾತ್ರಿಯಿಡೀ ಬಲೆ ಬಿಟ್ಟು ಜೀವನ ಸಾಗಿಸುವವರಿಗೆ ಒಂದು ಬಲೆ ಹರಿದರೂ ದೊಡ್ಡ ನಷ್ಟ. ಬಂಡೆ ಎಲ್ಲಿದೆ ಎಂದು ತೋರುವ ಸೋನಾರ್ ಅವರಿಗೆ ಕ್ಯಾಮೆರಾಕ್ಕಿಂತ ಉಪಯುಕ್ತ. ಬಿತ್ತಿದ ಮರಿಗಳ ಬೆಳವಣಿಗೆ ತಿಳಿಯಬಯಸುವ ಕೆರೆ ಗುತ್ತಿಗೆದಾರರಿಗಂತೂ ಎರಡೂ ಬೇಕಿಲ್ಲ. ಬೀಸುಬಲೆ ಎಸೆದು ಕೆಲವನ್ನು ಹಿಡಿದು ತೂಗಿದರೆ ಖಚಿತ ಉತ್ತರ ಸಿಗುತ್ತದೆ.

ಅನುಮತಿ ಮತ್ತು ಎಚ್ಚರ

ಜಲಾಶಯದ ಮೀನುಗಾರಿಕೆ ತುಂಗಭದ್ರಾ ಮಂಡಳಿಯ ಅಧೀನದಲ್ಲಿದೆ. ಕೆರೆಗಳಲ್ಲಿ ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಗಾಳ ಹಾಕುವಂತಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ತಿಳಿನೀರಿನ ಮಡುಗಳು ಹೆಚ್ಚಾಗಿ ಇರುವುದು ಇದೇ ಹರವಿನಲ್ಲಿ. ಆದ್ದರಿಂದ ಅಲ್ಲಿ ಕ್ಯಾಮೆರಾ ಇಳಿಸುವ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸುವುದು ಸೂಕ್ತ. ಹೊಳೆಯಲ್ಲಿ ಮೊಸಳೆಗಳೂ ಇವೆ. ಕೊರಕಲಿಗೆ ಸಿಕ್ಕಿಕೊಂಡ ಕ್ಯಾಮೆರಾ ಬಿಡಿಸಲು ನೀರಿಗಿಳಿಯುವುದಕ್ಕಿಂತ ಕೇಬಲ್ ಕತ್ತರಿಸಿ ಬಿಡುವುದೇ ಕ್ಷೇಮ.