ನುಂಗುವ ಕ್ರಿಯೆಯೂ ಚಲಚ್ಚಿತ್ರವೂ

ತುತ್ತು ಗಂಟಲಲ್ಲಿಳಿಯುವ ಬಗೆಯು ಬಹುಕಾಲ ಕಣ್ಣಿಗೆ ಮರೆಯಾಗಿದ್ದಿತು. 1895ರಲ್ಲಿ ರಾಂಟ್ಜೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದ ಮರುವರ್ಷವೇ ಹಾರ್ವರ್ಡಿನ ವಿದ್ಯಾರ್ಥಿ ವಾಲ್ಟರ್ ಕ್ಯಾನನ್ನನು, ಬಿಸ್ಮತ್ ಬೆರೆಸಿದ ಆಹಾರವು ಹೆಬ್ಬಾತಿನ ಕೊರಳಲ್ಲಿ ಸಾಗುವುದನ್ನು ಪ್ರತ್ಯಕ್ಷ ಕಂಡನು.

ದಂತವೈದ್ಯವು ಈ ಮಾರ್ಗವನ್ನು ತಡವಾಗಿ ಹಿಡಿಯಿತು. 1899ರಲ್ಲಿ ಏಂಜಲನು ಹಲ್ಲುಸಾಲುಗಳ ಕೂಡಿಕೆಯ ದೋಷಗಳನ್ನು ವರ್ಗೀಕರಿಸಿದನು. 1931ರಲ್ಲಿ ಬ್ರಾಡ್‌ಬೆಂಟನು ತಲೆಯನ್ನು ಅಲುಗದಂತೆ ನಿಲ್ಲಿಸಿ ಚಿತ್ರ ತೆಗೆಯುವ ಕ್ರಮವನ್ನು ರೂಪಿಸಿದನು. ಎರಡೂ ನಿಶ್ಚಲ ಸ್ಥಿತಿಯ ಅಧ್ಯಯನಗಳು. 1950ರ ದಶಕದಲ್ಲಿ ಕ್ಷ-ಕಿರಣ ಚಲಚ್ಚಿತ್ರವು ಬಳಕೆಗೆ ಬಂದಿತು. ಮುಂಬಲ್ಲುಗಳು ಪರಸ್ಪರ ಕೂಡದವರಲ್ಲಿ, ನುಂಗುವಾಗ ನಾಲಗೆಯು ಆ ತೆರವಿಗೆ ನುಗ್ಗುವುದು ಅದರಲ್ಲಿ ಗೋಚರವಾಯಿತು. ನಾಲಗೆಯೇ ಹಲ್ಲನ್ನು ತಳ್ಳಿತೆಂದು ಅನೇಕರು ತೀರ್ಮಾನಿಸಿದರು.

1970ರ ದಶಕದಲ್ಲಿ ಅಮೆರಿಕದ ವಿಲಿಯಂ ಪ್ರಾಫಿಟ್ಟನು ಇದನ್ನು ಪ್ರಶ್ನಿಸಿದನು. ಒಮ್ಮೆ ನುಂಗಲು ಸುಮಾರು 1 ಸೆಕೆಂಡು ಸಾಕು. ದಿನಕ್ಕೆ 1,000 ಬಾರಿ ನುಂಗಿದರೂ ಒಟ್ಟು 17 ನಿಮಿಷ ಮೀರದು. ಹಲ್ಲನ್ನು ಸರಿಸಲು ಈ ಅಲ್ಪಕಾಲದ ಒತ್ತಡವು ಸಾಲದು. ವಿಶ್ರಾಂತಿಯಲ್ಲಿ ನಾಲಗೆಯು ನೆಲಸುವ ಸ್ಥಾನವೇ ಹೆಚ್ಚು ಮುಖ್ಯ. ನುಗ್ಗುವಿಕೆಯು ಬಹುಮಟ್ಟಿಗೆ ತೆರವನ್ನು ಮುಚ್ಚಿಕೊಳ್ಳುವ ಹೊಂದಾಣಿಕೆಯೇ.

2010ರಲ್ಲಿ ಜರ್ಮನಿಯ ಗಟಿಂಗೆನ್ನಿನಲ್ಲಿ ರೂಪುಗೊಂಡ ಶೀಘ್ರ ಕಾಂತೀಯ ಚಿತ್ರಣವು ಕ್ಷ-ಕಿರಣದ ಅಪಾಯವಿಲ್ಲದೆಯೇ ಈ ಚಲನೆಯನ್ನು ತೋರಬಲ್ಲದು. ಆದರೂ ಮಗುವಿನ ನಾಲಗೆಯನ್ನು ತಿದ್ದಹೊರಡುವ ಮುನ್ನ, ಕಂಡದ್ದು ಕಾರಣವೋ ಪರಿಣಾಮವೋ ಎಂದು ವಿವೇಚಿಸುವ ಹೊಣೆಯು ವೈದ್ಯನದಾಗಿಯೇ ಉಳಿದಿದೆ.