ಬಲ್ಬಿನ ಆಯಸ್ಸು ಬರೆದವರು

ಪುಣೆಯ ನಮ್ಮ ಬಾಡಿಗೆ ಮನೆಯಲ್ಲಿ ವಾಷಿಂಗ್ ಮೆಷಿನ್ ಕೆಟ್ಟಿತು. ಹೋಗಿದ್ದು ಒಂದೇ ಬೋರ್ಡು, ಆದರೆ "ಪಾರ್ಟ್ ಸಿಗಲ್ಲ, ಹೊಸದು ತಗೊಳ್ಳಿ" ಅಂದ ಮೆಕ್ಯಾನಿಕ್. ಈ ಮಾತಿನ ಹಿಂದೆ ನೂರು ವರ್ಷದ ಕಥೆ ಇದೆ.

1924ರಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ 'ಫೀಬಸ್' ಒಕ್ಕೂಟ ಕಟ್ಟಿಕೊಂಡು, ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಇಳಿಸಿದವು. ಬಲ್ಬ್ ಹೆಚ್ಚು ಬಾಳಿದರೆ ತಯಾರಕರಿಗೇ ದಂಡ!

2015ರಲ್ಲಿ ಫ್ರಾನ್ಸ್, ವಸ್ತುವಿನ ಆಯಸ್ಸನ್ನು ಬೇಕಂತಲೇ ಕಡಿಮೆ ಮಾಡೋದನ್ನು ಅಪರಾಧ ಅಂತ ಸಾರಿತು. ಆದರೆ 'ಬೇಕಂತಲೇ' ಅನ್ನೋದನ್ನು ಸಾಬೀತು ಮಾಡೋದು ಕಷ್ಟ. 2021ರಲ್ಲಿ ಅಲ್ಲಿ ಇನ್ನೊಂದು ದಾರಿ ಬಂತು: ಫೋನು, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮೆಷಿನ್‌ಗಳಿಗೆ 10ಕ್ಕೆ ಇಷ್ಟು ಅಂತ ರಿಪೇರಿ ಅಂಕ. ಬಿಚ್ಚೋದು ಸುಲಭವಾ, ಬಿಡಿಭಾಗ ಸಿಗುತ್ತಾ, ಬೆಲೆ ಎಷ್ಟು ಅನ್ನೋದೆಲ್ಲ ಅದರಲ್ಲಿ ಲೆಕ್ಕಕ್ಕೆ ಬರುತ್ತೆ.

ನಮ್ಮಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೇದೇ. ಆದರೆ ಕೊಳ್ಳೋ ಮೊದಲೇ ಆ ಅಂಕ ಕಣ್ಣಿಗೆ ಬಿದ್ದಿದ್ದರೆ, ನಾನು ಬೇರೆ ಮೆಷಿನ್ ತರ್ತಿದ್ದೆ.