ಉಯಿಲಿನೊಡನೆ ಇಟ್ಟ ಕಾಗದ

ಇಂಗ್ಲೆಂಡಿನಲ್ಲಿ ಉಯಿಲು ಗುಟ್ಟಿನ ಪತ್ರವಲ್ಲ. ಪ್ರೊಬೇಟ್ ಆದ ಮೇಲೆ ಹಣ ಕೊಟ್ಟು ಯಾರು ಬೇಕಾದರೂ ಅದರ ನಕಲು ಪಡೆಯಬಹುದು. ಅದಕ್ಕೇ ಇರಬೇಕು, ಅಲ್ಲಿನ ಆಸ್ತಿವಂತರು ಆಸ್ತಿಯನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟು, ಜೊತೆಗೆ ಬೇರೊಂದು ಕಾಗದವನ್ನೂ ಬರೆದಿಡುತ್ತಾರೆ. ಕಿರಿಯವನ ಕೈಗೆ ಹಣ ಒಮ್ಮೆಲೇ ಕೊಡಬೇಡಿ, ಮಗಳಿಗೆ ಕಷ್ಟ ಬಂದರೆ ಕೈಬಿಡಬೇಡಿ ಎಂಬಂಥ ಮಾತು ಅದರಲ್ಲಿರುತ್ತದೆ. ಅದು ಆಜ್ಞೆಯಲ್ಲ, ಆಶಯ ಮಾತ್ರ.

ಆ ಕಾಗದವನ್ನು ತೋರಿಸಿ ಎಂದು ಮಕ್ಕಳು ಕೇಳಬಹುದೆ? ಈ ಪ್ರಶ್ನೆಯ ಚರಿತ್ರೆ ನನಗೆ ಬಹು ಸ್ವಾರಸ್ಯವಾಗಿ ಕಂಡಿದೆ. ಉಯಿಲಿನಿಂದ ಹುಟ್ಟಿದ ಟ್ರಸ್ಟಿಗೂ ಬದುಕಿರುವಾಗಲೇ ಮಾಡಿದ ಟ್ರಸ್ಟಿಗೂ ಇಲ್ಲಿ ನ್ಯಾಯ ಒಂದೇ.

1920ರಲ್ಲಿ ಬ್ರಿಟಿಷ್ ಲಾರ್ಡ್ಸ್ ಸಭೆಯ ತೀರ್ಪೊಂದರಲ್ಲಿ, ಟ್ರಸ್ಟಿನ ಕಾಗದಗಳು ಒಂದರ್ಥದಲ್ಲಿ ಫಲಾನುಭವಿಯ ಸ್ವಂತ ಸೊತ್ತೇ ಎಂಬ ಮಾತು ಬಂತು. ಸೊತ್ತಾದ ಮೇಲೆ ನೋಡುವ ಹಕ್ಕೂ ಉಂಟಷ್ಟೆ! ಈ ವಾದಕ್ಕೆ ತಡೆ ಬಿದ್ದದ್ದು ಲಂಡನ್‌ಡೆರಿಯ ಏಳನೆಯ ಮಾರ್ಕ್ವಿಸ್ 1934ರಲ್ಲಿ ಮಾಡಿದ ಟ್ರಸ್ಟಿನ ವ್ಯಾಜ್ಯದಲ್ಲಿ. ತನಗೆ ಬಂದ ಪಾಲು ಸಾಲದೆಂದು ಮಗಳು ಟ್ರಸ್ಟಿಗಳ ನಡಾವಳಿ ಪುಸ್ತಕವನ್ನೂ ಪತ್ರವ್ಯವಹಾರವನ್ನೂ ಕೇಳಿದಳು. ಕೆಳಗಿನ ನ್ಯಾಯಾಧೀಶರು ಆಕೆಯ ಪರ ನಿಂತರು. 1964ರಲ್ಲಿ ಅಪೀಲು ಕೋರ್ಟು ಅದನ್ನು ತಿರುಗಿಸಿತು. ಲೆಕ್ಕ ತೋರಿಸಬೇಕು, ನಿಜ. ಆದರೆ ಯಾರಿಗೆ ಎಷ್ಟು, ಏಕೆ ಎಂಬ ಸಮಾಲೋಚನೆಯನ್ನು ಬಿಚ್ಚಿಟ್ಟರೆ ಮನೆತನದಲ್ಲಿ ಮನಸ್ತಾಪ ಬೆಳೆದೀತು, ಟ್ರಸ್ಟಿಗಳ ಕೆಲಸವೂ ಕೆಟ್ಟೀತು ಎಂಬುದು ಅದರ ತರ್ಕ.

2003ರಲ್ಲಿ ಮ್ಯಾನ್ ದ್ವೀಪದಿಂದ ಬಂದ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 'ಸೊತ್ತಿನ ಹಕ್ಕು' ಎಂಬ ಆಧಾರವನ್ನೇ ಬದಿಗಿರಿಸಿ, ತೋರಿಸಬೇಕೋ ಬೇಡವೋ ಎಂಬುದು ಟ್ರಸ್ಟಿನ ಮೇಲೆ ಕೋರ್ಟಿಗಿರುವ ಮೇಲ್ವಿಚಾರಣೆಗೆ ಸೇರಿದ್ದು ಎಂದಿತು. 2008ರಲ್ಲಿ ನ್ಯಾಯಮೂರ್ತಿ ಬ್ರಿಗ್ಸ್ ಅವರ ಮುಂದೆ ಆಶಯದ ಕಾಗದವೇ ಬಂತು. ಅದು ಟ್ರಸ್ಟಿಗಳ ವಿವೇಚನೆಗಾಗಿ ಬರೆದದ್ದು, ಆದ್ದರಿಂದ ಗೋಪ್ಯ. ತೋರಿಸುವುದು ಬಿಡುವುದು ಅವರಿಗೇ ಸೇರಿದ್ದು ಎಂದರು. ತಮಾಷೆಯೆಂದರೆ, ಆ ಮೊಕದ್ದಮೆಯಲ್ಲಿ ಕಾಗದ ಹೊರಬಿದ್ದೇಬಿಟ್ಟಿತು! ಹಂಚಿಕೆಗೆ ಟ್ರಸ್ಟಿಗಳು ಕೋರ್ಟಿನ ಸಮ್ಮತಿ ಕೇಳಲಿದ್ದುದರಿಂದ ಅದನ್ನು ತೋರಿಸಲು ಅಪ್ಪಣೆಯಾಯಿತು.

ನಮ್ಮಲ್ಲಿ ಹೇಗೆ? 1882ರ ಭಾರತೀಯ ಟ್ರಸ್ಟ್ ಕಾಯಿದೆಯ 57ನೆಯ ಕಲಮು ಟ್ರಸ್ಟ್ ಪತ್ರ, ಲೆಕ್ಕ, ರಸೀದಿ, ಟ್ರಸ್ಟಿಗಳು ಪಡೆದ ವಕೀಲರ ಅಭಿಪ್ರಾಯ, ಇವುಗಳನ್ನು ಫಲಾನುಭವಿಗೆ ತೆರೆದಿಡುತ್ತದೆ. ಆಶಯದ ಕಾಗದದ ಹೆಸರು ಅಲ್ಲಿಲ್ಲ. 1925ರ ಉತ್ತರಾಧಿಕಾರ ಕಾಯಿದೆಯ 64ನೆಯ ಕಲಮು ಮಾತ್ರ ಒಂದು ಎಚ್ಚರಿಕೆ ಕೊಡುತ್ತದೆ: ಮೊದಲೇ ಬರೆದಿಟ್ಟ ಪತ್ರವನ್ನು ತನ್ನ ಇಚ್ಛೆಯ ಭಾಗವೆಂದು ಉಯಿಲಿನಲ್ಲಿ ಹೆಸರಿಸಿದರೆ ಅದೂ ಉಯಿಲೇ ಆಗುತ್ತದೆ. ಅಲ್ಲಿಗೆ ಗುಟ್ಟು ಮುಗಿಯಿತು.

ಅಪೀಲು ಕೋರ್ಟಿನ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ಕಡಿಮೆ ಪಾಲು ಬಂದ ಮಗನಿಗೆ ಹಣಕ್ಕಿಂತ ದೊಡ್ಡ ಸಂದೇಹವೊಂದು ಉಳಿಯುತ್ತದೆ: ಇದು ಟ್ರಸ್ಟಿಗಳ ನಿರ್ಣಯವೋ, ಅಪ್ಪನ ಮನಸ್ಸೋ? ಮುಚ್ಚಿಟ್ಟ ಕಾಗದ ಅದಕ್ಕೆ ಉತ್ತರ ಕೊಡಲಾರದು. ಬರೆಯುವವರು ಮಕ್ಕಳು ಒಂದು ದಿನ ಓದಿಯೇ ಓದುತ್ತಾರೆಂದು ಎಣಿಸಿ ಬರೆಯುವುದು ಮೇಲು.